ಅಕ್ಕನ ಚಪ್ಪಲಿಯೊಳಗಿನ ಹಸಿರು ಬಟ್ಟೆ

ಆ ವರ್ಷದ ಬೇಸಿಗೆಯಲ್ಲಿ ಅಕ್ಕ ಗೋಕಾಕದ ಬಸ್ ನಿಲ್ದಾಣದಿಂದ ನನ್ನ ಮನೆಯವರೆಗೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಡೆದು ಬಂದಳು. ಹೊತ್ತು ನೆತ್ತಿಯ ಮೇಲಿತ್ತು. ಕಾಲು ತೊಳೆಯಲು ನೀರು ಕೊಡೋಣವೆಂದು ತಂಬಿಗೆ ಹಿಡಿದು ಬಂದಾಗ ನೋಡಿದೆ. ಬಲಗಾಲಿಗೆ ಚಪ್ಪಲಿ ಇತ್ತು, ಎಡಗಾಲು ಬರಿದಾಗಿತ್ತು.

"ಅಕ್ಕಾ, ಇನ್ನೊಂದು ಚಪ್ಪಲಿ ಎಲ್ಲೈತಿ?"

ಅವಳು ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು. "ಅಯ್ಯ, ಎಲ್ಲಿ ಕಳಚಿ ಬಿತ್ತೋ ಏನೋ," ಎಂದು ನಕ್ಕಳು. ನಾನೂ ನಕ್ಕೆ. ಕಟ್ಟೆಯ ಮೇಲೆ ಕೂಡಿಸಿ ಅಂಗಾಲು ತಿರುಗಿಸಿದ ಮೇಲೆ ನನ್ನ ನಗು ನಿಂತಿತು. ಕಾದ ಡಾಂಬರಿಗೆ ಹಿಮ್ಮಡಿಯ ಚರ್ಮ ಎದ್ದು ದೊಡ್ಡದೊಂದು ಗುಳ್ಳೆಯಾಗಿತ್ತು.

"ಉರಿಯಾಕತ್ತಿಲ್ಲೇನು?"

"ಇಲ್ಲಲ್ಲ. ಏನೂ ಆಗಾಕತ್ತಿಲ್ಲ."

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾವಿಬ್ಬರೂ ಹುಟ್ಟಿದ್ದು ಮಮದಾಪುರದಲ್ಲಿ. ಅವಳನ್ನು ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಕೊಟ್ಟಿದ್ದರು. ಮನೆಯ ಹಿಂದಿನ ತುಂಡು ಹೊಲದಲ್ಲಿ ಮೆಂತ್ಯ, ಕೊತ್ತಂಬರಿ, ರಾಜಗಿರಿ ಬೆಳೆದು ವಾರಕ್ಕೊಮ್ಮೆ ಹುಕ್ಕೇರಿಯ ಸಂತೆಗೆ ಹೊತ್ತೊಯ್ದು ಮಾರುತ್ತಿದ್ದಳು. ಕೂತಲ್ಲಿ ಕೂರುವ ಹೆಂಗಸಲ್ಲ. ನಾನು ಗೋಕಾಕದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ಕಲಿಸುವುದರ ಜೊತೆಗೆ ಪಿಎಚ್‌ಡಿಯೂ ನಡೆದಿತ್ತು.

ಅಂದೇ ಸಂಜೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಅವಳಿಗೆ ಎಷ್ಟೋ ವರ್ಷಗಳಿಂದ ಇದ್ದದ್ದೇ. ಅದು ಪಾದದ ನರಗಳನ್ನು ತಿಂದುಹಾಕಿದೆ ಎಂದು ತಿಳಿದದ್ದು ಆ ದಿನ. ಡಾಕ್ಟರು ಗುಂಡುಸೂಜಿಯಿಂದ ಅವಳ ಅಂಗಾಲು ಚುಚ್ಚಿದರು. ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

"ನೋವು ಅನ್ನೋದು ಕಾವಲು ಇದ್ದಂಗ್ರಿ," ಎಂದರು ಡಾಕ್ಟರು. "ಇವರಿಗೆ ಆ ಕಾವಲು ಹೋಗೇತಿ. ದಿನಾ ಸಂಜಿಕೆ ಅಂಗಾಲು ನೋಡ್ಕೋಬೇಕು. ಒಂದು ದಿನಾನೂ ತಪ್ಪಸಬಾರ್ದು."

ಮರುದಿನ ಪೇಟೆಯಲ್ಲಿ ಅವಳಿಗೆ ಹಿಡಿಕೆಯಿರುವ ಕನ್ನಡಿಯೊಂದನ್ನು ಕೊಡಿಸಿದೆ. ಘೋಡಗೇರಿಗೆ ಹೋದ ಮೇಲೆ ದೇವರಿಗೆ ದೀಪ ಹಚ್ಚಿದ ಕೂಡಲೇ ಹೊಸ್ತಿಲ ಹತ್ತಿರ ಕೂತು, ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು, ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡುವುದು ಅವಳ ನೇಮವಾಯಿತು. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, "ನಿಮ್ಮಕ್ಕ ಮುಖಾ ನೋಡ್ಕೊಳ್ಳಾಕೂ ಇಷ್ಟೊತ್ತು ಕನ್ನಡಿ ಹಿಡೀಲಿಲ್ಲ," ಎಂದು ಚೇಷ್ಟೆ ಮಾಡುತ್ತಿದ್ದರು.

ನನ್ನ ಸಂಶೋಧನೆ ಏನೆಂದು ಅಕ್ಕ ಹಿಂದೆಯೇ ಕೇಳಿದ್ದಳು. ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಕರೆಂಟು ಹರಿಸುವುದು ಎಂದಿದ್ದೆ. "ಪ್ಲಾಸ್ಟಿಕ್ ಹಿಡ್ಕೊಂಡ್ರ ಶಾಕ್ ಹೊಡ್ಯಾಂಗಿಲ್ಲ ಅಂತ ನೀನ ಹೇಳಿದ್ದಿ. ಈಗ ಹೊಡ್ಯೂವಂಗ ಮಾಡಾಕ ಹೊಂಟೀಯೇನ?" ಎಂದು ಅವಳು ಕೇಳಿದ್ದಳು.

ಅದರ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಕೆಲವು ಪಾಲಿಮರುಗಳು ಆಮ್ಲದ ಜೊತೆಗಿದ್ದಾಗ ವಿದ್ಯುತ್ತನ್ನು ಹರಿಯಬಿಡುತ್ತವೆ. ನಾನು ಹಿಡಿದದ್ದು ಪಾಲಿಅನಿಲೀನ್. ಅದನ್ನು ಮಂಜುಗಡ್ಡೆಯ ತಂಪಿನಲ್ಲಿ ತಯಾರಿಸಬೇಕು. ಕಾಲೇಜಿನ ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಬಕೆಟ್ಟಿನಲ್ಲಿ ಮಂಜುಗಡ್ಡೆ ತಂದು, ಅದರೊಳಗೆ ಬೀಕರ್ ಇಟ್ಟು, ಹನಿಹನಿಯಾಗಿ ದ್ರಾವಣ ಬಿಡುತ್ತ ಕೂತರೆ ನೀರಿನಂತಿದ್ದದ್ದು ಹೊತ್ತು ಹೋದಂತೆ ಕಡುಹಸಿರಾಗುತ್ತದೆ. ಹಸಿರಾಗಿದ್ದರೆ ಕರೆಂಟು ಹರಿಯುತ್ತದೆ. ಆದರೆ ಅದೊಂದೇ ಆದರೆ ಪುಡಿಪುಡಿ, ಬಾಳಿಕೆ ಬರುವುದಿಲ್ಲ. ಅದಕ್ಕೇ ಅದನ್ನು ಟೈಟೇನಿಯಂ ಡೈಆಕ್ಸೈಡಿನ ಕಣಗಳ ಸುತ್ತ ಬೆಳೆಸುತ್ತಿದ್ದೆ. ಗೋಡೆಯ ಬಣ್ಣಕ್ಕೆ ಬಿಳುಪು ಕೊಡುವ ಖನಿಜದ ಪುಡಿ ಅದು. ಹೀಗೆ ಸಾವಯವ ಪಾಲಿಮರು ಮತ್ತು ಖನಿಜ ಎರಡೂ ಕೂಡಿದ ಮಿಶ್ರಣವನ್ನು ಹತ್ತಿಬಟ್ಟೆಗೆ ಹಿಡಿಸಿದರೆ, ಆ ಬಟ್ಟೆಯನ್ನು ಒತ್ತಿದಾಗ ಕಣಗಳು ಹತ್ತಿರ ಬಂದು ಕರೆಂಟು ಹೆಚ್ಚು ಹರಿಯುತ್ತದೆ. ಯಾವುದು ಎಷ್ಟು ಹಾಕಬೇಕು, ಯಾವ ಆಮ್ಲ, ಮೊದಲು ಯಾವುದು ಎನ್ನುವುದೇ ನನ್ನ ನಾಲ್ಕು ವರ್ಷಗಳ ಕೆಲಸ.

ಈ ವಸ್ತುವಿಗೆ ಇನ್ನೊಂದು ಗುಣವಿದೆ. ಕ್ಷಾರ ತಾಗಿದರೆ ಒಳಗಿನ ಆಮ್ಲ ಹೋಗಿಬಿಡುತ್ತದೆ. ಹಸಿರು ನೀಲಿಯಾಗುತ್ತದೆ, ಕರೆಂಟು ನಿಂತುಬಿಡುತ್ತದೆ. ಪ್ರತಿವರ್ಷ ಬಿಎಸ್ಸಿ ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತಿದ್ದೆ. ಹಸಿರು ಬಟ್ಟೆಯ ಮೇಲೆ ಅಮೋನಿಯದ ಒಂದು ಹನಿ ಬಿಟ್ಟರೆ ನೀಲಿ, ಆಮ್ಲದ ಹನಿ ಬಿಟ್ಟರೆ ಮತ್ತೆ ಹಸಿರು. ಮಕ್ಕಳು ಬೆರಗಾಗಿ ಮುಂದೆ ಮುಂದೆ ಬರುತ್ತಿದ್ದರು.

ಅಕ್ಕನ ಕಾಲು ನೋಡಿದ ಮೇಲೆ ನನ್ನ ಕೆಲಸಕ್ಕೆ ಒಂದು ದಾರಿ ಸಿಕ್ಕಂತಾಯಿತು. ಚಪ್ಪಲಿಯೊಳಗೆ ಈ ಬಟ್ಟೆ ಹಾಸಿದರೆ, ಕಲ್ಲೊಂದು ಸೇರಿ ಒಂದೇ ಕಡೆ ಒತ್ತುತ್ತಿದ್ದರೆ ಅದು ತಿಳಿಸಬಲ್ಲದು. ಹೋದ ಕಾವಲನ್ನು ನಾನು ಮತ್ತೆ ಹಚ್ಚಿಕೊಡಬಲ್ಲೆ ಎನಿಸಿತು. ಹಾಗೆ ಎನಿಸಿದ ದಿನ ನಾನು ಬಹಳ ಸಂತೋಷವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಬಟ್ಟೆ ನನ್ನದು, ಆದರೆ ಕೂಗುವ ಯಂತ್ರ ಬೇಕಿತ್ತಲ್ಲ. ಮೂಡಲಗಿಯಲ್ಲಿ ರೇಡಿಯೊ ಕಾಲದಿಂದಲೂ ರಿಪೇರಿ ಅಂಗಡಿ ನಡೆಸುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಮ್ಮ ಪ್ರಯೋಗಾಲಯದ ಹಳೆಯ ಮೀಟರುಗಳನ್ನು ಸರಿಮಾಡಿ ಕೊಡುತ್ತಿದ್ದವರೂ ಅವರೇ. ಕಾಕಾ ಒಂದು ವಾರದಲ್ಲಿ ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಡಬ್ಬಿ ಮಾಡಿದರು. ಹಿಮ್ಮಡಿಯ ಪಟ್ಟಿಗೆ ಕಟ್ಟಿಕೊಳ್ಳುವಂಥದ್ದು. ಒತ್ತಡ ಹೆಚ್ಚಾಗಿ ಹಾಗೆಯೇ ನಿಂತರೆ ಅದು 'ಪೀ' ಎನ್ನುತ್ತಿತ್ತು.

ಡಬ್ಬಿಯನ್ನು ನನ್ನ ಕೈಗೆ ಕೊಡುವ ಮುನ್ನ ಅವರು ಕೇಳಿದರು. "ಮೇಡಮ್, ಒತ್ತಡ ಬಂದ್ರ ಇದು ಕೂಗತೈತಿ, ಬರ್ಲಿಲ್ಲಂದ್ರ ಸುಮ್ಮ ಇರತೈತಿ. ಖರೆ, ನಿಮ್ಮ ಬಟ್ಟಿನ ಕೆಟ್ರ?"

"ಕೆಟ್ರೂ ಸುಮ್ಮ ಇರತೈತ್ರಿ."

"ಹಂಗಾದ್ರ ಅದಕ್ಕೊಂದು ಲೈಟ್ ಹಾಕೂಣೇನ್ರಿ? ಬಟ್ಟಿ ಚಲೋ ಐತಿ ಅಂತ ತೋರಸಾಕ?"

"ಮುಂದಿನ ಸಲ ಹಾಕೂಣ್ರಿ ಕಾಕಾ. ಮೊದಲ ಇದು ನಡೀತೈತೋ ಇಲ್ಲೋ ನೋಡೂಣು."

ಚಳಿಗಾಲದ ಒಂದು ಭಾನುವಾರ ಬಟ್ಟೆಯನ್ನು ಎರಡು ತೆಳು ರಬ್ಬರ್ ಹಾಳೆಗಳ ನಡುವೆ ಅಂಟಿಸಿಕೊಂಡು ಘೋಡಗೇರಿಗೆ ಹೋದೆ. ಅಕ್ಕ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು. ಎಡಗಾಲಿನ ಚಪ್ಪಲಿಯೊಳಗೆ ಆ ಮೆತ್ತೆ ಇಟ್ಟು, ಡಬ್ಬಿ ಕಟ್ಟಿ ನಡೆಸಿದೆ. ಬೇಕೆಂದೇ ಒಂದು ಹರಳುಗಲ್ಲು ಒಳಗೆ ಹಾಕಿ ಮತ್ತೆ ನಡೆಸಿದೆ. ಅದು ಕೂಗಿತು. ಅಕ್ಕ ನಿಂತು, ಚಪ್ಪಲಿ ಬಿಚ್ಚಿ, ಕಲ್ಲು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಇಷ್ಟು ಓದಿ ಏನ ಮಾಡ್ತಿ ಅಂತ ಎಲ್ಲಾರೂ ಕೇಳ್ತಿದ್ರು," ಎಂದಳು. "ಇನ್ನ ಕೇಳಿದ್ರ ಈ ಕಾಲ ತೋರಸ್ತೇನಿ."

"ಇನ್ನ ನೀ ಚಿಂತಿ ಮಾಡಬ್ಯಾಡ," ಎಂದೆ ನಾನು. "ಏನರ ಆದ್ರ ಇದ ಹೇಳತೈತಿ."

ಈ ಎರಡು ಮಾತುಗಳನ್ನು ನಾನೇ ಆಡಿದೆ. ಬೇರೆ ಯಾರೂ ಆಡಲಿಲ್ಲ.

ಮೊದಲ ಮೂರು ವಾರ ಅದು ಸರಿಯಾಗಿಯೇ ನಡೆಯಿತು. ಪ್ರತಿ ಭಾನುವಾರ ಹೋಗಿ ಮೀಟರ್ ಹಚ್ಚಿ ಅಳತೆ ಬರೆದುಕೊಂಡೆ. ಹುಕ್ಕೇರಿ ಸಂತೆಯಲ್ಲಿ ಒಮ್ಮೆ ಅದು ಕೂಗಿದಾಗ ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಹೆಂಗಸು "ಅಕ್ಕಾರ, ನಿಮ್ಮ ಕಾಲಿಗೆ ಫೋನ್ ಬಂತ್ರಿ" ಎಂದಳಂತೆ. ಅಕ್ಕ ಆ ಮಾತನ್ನು ಎಲ್ಲರಿಗೂ ಹೇಳಿ ಹೇಳಿ ನಗುತ್ತಿದ್ದಳು. ಪ್ರಬಂಧದಲ್ಲಿ ಅವಳ ಹೆಸರು ಬರುವಂತಿರಲಿಲ್ಲ. 'ಸ್ವಯಂಸೇವಕಿ ಒಂದು' ಎಂದು ಬರೆದು, ಅವಳ ಹೆಜ್ಜೆಗಳ ಗ್ರಾಫ್ ಎಳೆದೆ. ಏಳುವ ಇಳಿಯುವ ಗೆರೆಗಳು ಅಚ್ಚುಕಟ್ಟಾಗಿದ್ದವು.

ಆಮೇಲೆ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗಳು ಬಂದವು. ಭಾನುವಾರವೂ ಅಂಕಪಟ್ಟಿಯ ಕೆಲಸ. ಘೋಡಗೇರಿಗೆ ಹೋಗುವುದು ತಪ್ಪಿತು. ಒಂದು ದಿನ ನಡು ಮಧ್ಯಾಹ್ನ, ಇಪ್ಪತ್ತು ಮಕ್ಕಳು ಬ್ಯುರೆಟ್ ಹಿಡಿದು ನಿಂತಿರುವಾಗ, ಅಕ್ಕನ ಫೋನು ಬಂತು.

"ಪರೀಕ್ಷಾ ನಡದೈತಿ ಅಕ್ಕಾ, ಲಗೂನ ಹೇಳು."

"ಏನಿಲ್ಲ. ಆ ನಿನ್ನ ಮೆತ್ತಿ ಬೆವರಿಗೆ ವಾಸನಿ ಹೊಡ್ಯಾಕತ್ತಿತ್ತು. ಸಬಕಾರ ಹಚ್ಚಿ ತಿಕ್ಕಿ ತೊಳದೇನಿ. ಒಣಗಿಸಿ ಹಾಕ್ಕೊಂಡ್ರ ನಡೀತೈತಿಲ್ಲೊ?"

ಅದೇ ಹೊತ್ತಿಗೆ ಹುಡುಗಿಯೊಬ್ಬಳ ಕೈಯಿಂದ ಪಿಪೆಟ್ ಬಿದ್ದು ಒಡೆಯಿತು. ನಾನು ಆ ಕಡೆ ತಿರುಗುತ್ತ "ಹೂಂ, ಹೂಂ. ಸಂಜಿಕೆ ಫೋನ್ ಮಾಡ್ತೇನಿ," ಎಂದೆ.

ಸಂಜೆ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ.

ಮುಂದಿನ ಫೋನು ಬಂದದ್ದು ಎರಡು ವಾರ ಕಳೆದ ಮೇಲೆ, ಮಾಮಾನದು. ಮನೆಯಲ್ಲಿ ಇಲಿ ಸತ್ತಿರಬೇಕೆಂದು ಎರಡು ದಿನ ಮೂಲೆಮೂಲೆ ಹುಡುಕಿದರಂತೆ. ಕೊನೆಗೆ ವಾಸನೆ ಅಕ್ಕನ ಕಾಲಿನಿಂದ ಬರುತ್ತಿದೆ ಎಂದು ತಿಳಿಯಿತಂತೆ. ಅವಳನ್ನು ಗೋಕಾಕಕ್ಕೆ ಕರೆತಂದಾಗ ಎಡಗಾಲು ಮೀನಖಂಡದವರೆಗೆ ಕೆಂಪೇರಿ ಬಾತಿತ್ತು. ಮೈಯಲ್ಲಿ ಜ್ವರ ಸುಡುತ್ತಿತ್ತು. ಹೆಬ್ಬೆರಳ ಬುಡದಲ್ಲಿ ಚಪ್ಪಲಿಯೊಳಗೆ ಸೇರಿದ್ದ ಹರಳುಗಲ್ಲು ಒತ್ತಿ ಒತ್ತಿ ತೂತು ಬಿದ್ದು, ಒಳಗೆಲ್ಲ ಕೀವು. ನಂಜು ಮೇಲೇರುತ್ತಿದೆ, ತಡಮಾಡುವಂತಿಲ್ಲ ಎಂದರು ಡಾಕ್ಟರು. ಮಾಮಾ ಸಹಿ ಹಾಕಿದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಅವಳನ್ನು ಒಳಗೆ ಕರೆದೊಯ್ದಿದ್ದಾಗ ನಾನೂ ಮಾಮಾನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು.

"ಕನ್ನಡಿಯೊಳಗ ನೋಡ್ಕೊಳ್ಳಲಿಲ್ಲೇನ್ರಿ ಮಾಮಾ?" ಎಂದು ಕೇಳಿದೆ.

"ಅದನ್ನ ಬಿಟ್ಟು ಭಾಳ ದಿನಾ ಆತವಾ. ತಂಗಿ ಹಚ್ಚಿಕೊಟ್ಟಾಳಲ್ಲ, ಅದ ಹೇಳತೈತಿ ಅಂತಿದ್ಲು." ಅವರೇ ಮುಂದುವರಿಸಿದರು. "ಮೊದಮೊದಲ ದಿನಕ್ಕ ಒಮ್ಮೆರ ಕೂಗತಿತ್ತು. ಈಚೀಚೆ ಕೂಗಲೇ ಇಲ್ಲ. ಕಾಲ ಸುಧಾರಿಸಾಕತ್ತೈತಿ ಅಂತ ಖುಷಿಲೆ ಇದ್ಲು."

ಅವಳ ಬಟ್ಟೆಬರೆಯ ಚೀಲದಲ್ಲಿ ಚಪ್ಪಲಿಯೂ ಇತ್ತು. ತೆಗೆದು ನೋಡಿದೆ. ರಬ್ಬರ್ ಹಾಳೆಯ ಒಂದು ಅಂಚು ಬಿಟ್ಟುಕೊಂಡಿತ್ತು. ಉಗುರಿನಿಂದ ಎಬ್ಬಿಸಿದೆ. ಒಳಗಿನ ಬಟ್ಟೆ ಅಂಚಿನಿಂದ ಅಂಚಿನವರೆಗೆ ನೀಲಿಯಾಗಿತ್ತು, ಮಕ್ಕಳಿಗೆ ತೋರಿಸುವಾಗ ಆಗುವಂಥದೇ ನೀಲಿ. ಮೀಟರ್ ಹಚ್ಚುವ ಅಗತ್ಯವೇ ಇರಲಿಲ್ಲ. ನಾನು ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ. ಮಾಮಾ ನೋಡುತ್ತಿದ್ದರು.

ನಾಲ್ಕು ತಿಂಗಳು ನಾನು ಯಾರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ಅಕ್ಕನೇ ನನಗೆ ಸಮಾಧಾನ ಹೇಳುತ್ತಿದ್ದಳು. "ನೀ ಮಾಡೂದೆಲ್ಲಾ ಮಾಡಿದಿ. ನನ್ನ ಹಣೆಬರಹ ಇಷ್ಟ ಇತ್ತು," ಎನ್ನುತ್ತಿದ್ದಳು. ಅದನ್ನು ಕೇಳುತ್ತ ಕೂರುವುದಕ್ಕಿಂತ ಬೈಸಿಕೊಳ್ಳುವುದು ಹಗುರವೆನಿಸಿತು. ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಅವರು ಒಳ್ಳೆಯವರು. ತಲೆ ತಗ್ಗಿಸಿ ಕೇಳಿದರು. ಕಡೆಗೆ, "ಮೊದಲ ಮೂರು ವಾರದ್ದು ಸರಿಯಾದ ಅಳತೆಯೇ. ಅದನ್ನ ಬರೀರಿ. ಉಳಿದದ್ದನ್ನ ಮಿತಿಗಳು ಅನ್ನೋ ಭಾಗದಲ್ಲಿ ಒಂದು ವಾಕ್ಯ ಹಾಕಿದ್ರ ಸಾಕು," ಎಂದರು.

ಆ ಒಂದು ವಾಕ್ಯ ಬರೆಯಲು ಕೂತೆ. ಆಗಲಿಲ್ಲ. ಆಷಾಢದ ಒಂದು ಮುಂಜಾನೆ ಹುಕ್ಕೇರಿಗೆ ಬಸ್ ಹಿಡಿದು, ಅಲ್ಲಿಂದ ಘೋಡಗೇರಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಮೆಂತ್ಯದ ಸೂಡು ಕಟ್ಟುತ್ತಿದ್ದಳು. ಈಗ ಸಂತೆಗೆ ಮಾಮಾ ಹೋಗುತ್ತಿದ್ದರು. ನಾನು ಎದುರು ಕೂತು ಎಲ್ಲವನ್ನೂ ಹೇಳಿದೆ, ಸಬಕಾರ ತಾಗಿದರೆ ಆ ಬಟ್ಟೆ ಸತ್ತುಹೋಗುತ್ತದೆ, ಸತ್ತರೂ ಕೂಗುವುದಿಲ್ಲ, ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು.

ಅವಳ ಕೈ ನಿಂತಿತು.

"ತೊಳದೇನಿ ಅಂತ ನಾ ನಿನಗ ಹೇಳಿದ್ನಿಲ್ಲೇನ?"

"ಹೇಳಿದ್ದಿ."

"ನೀ ಏನಂದಿ?"

"ಹೂಂ ಅಂದ್ನಿ."

ಅವಳು ಸೂಡು ಕಟ್ಟುವುದನ್ನು ಮುಂದುವರಿಸಿದಳು. ಊಟಕ್ಕೆ ಕರೆಯಲಿಲ್ಲ. ನಾನು ಎದ್ದು ಹೊರಟಾಗ ಹೋಗಿಬಾ ಎನ್ನಲೂ ಇಲ್ಲ. ನನ್ನ ಜೀವಮಾನದಲ್ಲಿ ಅಕ್ಕನ ಮನೆಯಿಂದ ಉಣ್ಣದೆ ಬಂದದ್ದು ಅದೊಂದೇ ಸಲ.

ದೀಪಾವಳಿ ಕಳೆಯುವವರೆಗೂ ಅವಳು ನನ್ನ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ಮಾಮಾ ಎತ್ತುತ್ತಿದ್ದರು. "ಮಲಗ್ಯಾಳ" ಎನ್ನುತ್ತಿದ್ದರು, "ಕೌದಿ ಹೊಲ್ಯಾಕತ್ತಾಳ" ಎನ್ನುತ್ತಿದ್ದರು. ಹಿಂದಿನಿಂದ ಅವಳು ಬೇರೆ ಯಾರ ಜೊತೆಗೋ ಮಾತಾಡುವುದು ನನಗೆ ಕೇಳುತ್ತಿತ್ತು. ಕಾಲೇಜಿನಲ್ಲಿ ಬಣ್ಣ ಬದಲಿಸುವ ಆ ಪ್ರಯೋಗ ಆ ವರ್ಷ ತೋರಿಸಲಿಲ್ಲ.

ಒಂದು ದಿನ ಮಾಮಾನೇ ಫೋನು ಮಾಡಿದರು. "ನಿಮ್ಮಕ್ಕ ಬಾ ಅಂದಾಳ."

ಹೋದೆ. ಅವಳು ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಬಲಗಾಲು ಮುಂದೆ ಚಾಚಿದಳು. "ನೋಡಿ ಹೇಳು. ನಿಮ್ಮ ಮಾಮಾಗ ಕಣ್ಣ ಮಂಜ ಆಗ್ಯಾವ," ಎಂದಳು. ನಾನು ನೆಲಕ್ಕೆ ಕೂತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಬೆರಳ ಸಂದಿ, ಹಿಮ್ಮಡಿಯ ಬಿರುಕು, ಉಗುರಿನ ಅಂಚು ಎಲ್ಲ ನೋಡಿದೆ. "ಚಲೋ ಐತಿ ಅಕ್ಕಾ," ಎಂದೆ. "ಕೊಬ್ಬರಿ ಎಣ್ಣಿ ಹಚ್ಚು," ಎಂದಳು. ಅಷ್ಟೇ. ಕ್ಷಮಿಸಿದ್ದೇನೆ ಎಂದು ಅವಳು ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ಮುಂದೆ ಒಂದು ಭಾನುವಾರವನ್ನೂ ನಾನು ತಪ್ಪಿಸಲಿಲ್ಲ.

ಬೇಸಿಗೆಯ ಒಂದು ಭಾನುವಾರ, ಎಣ್ಣೆ ಹಚ್ಚುತ್ತಿರುವಾಗ, ಅವಳಾಗಿಯೇ ಕೇಳಿದಳು. "ಅದು ಯಾಕ ನೀಲಿ ಆಕ್ಕೈತಿ?"

ಹೇಳಿದೆ. ಹುಳಿ ಒಳಗಿದ್ದರೆ ಹಸಿರು, ಸಬಕಾರದಂಥದು ತಾಗಿ ಹುಳಿ ಹೋದರೆ ನೀಲಿ ಎಂದು. ಅಷ್ಟು ವರ್ಷಗಳಲ್ಲಿ ನನ್ನ ವಿದ್ಯೆಯನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು.

"ಹಂಗಾದ್ರ ತಿರುಗಿ ಹುಳಿ ಹಾಕಿದ್ರ ಹಸರ ಆಕ್ಕಿತ್ತೇನ?"

"ಆಕ್ಕಿತ್ತು."

"ನಿಂಬಿಹಣ್ಣ ಹಿಂಡಿದ್ರ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಪೂರಾ ಅಲ್ಲ. ಖರೆ, ಕೂಗುವಷ್ಟು ಆಕ್ಕಿತ್ತು."

ಅವಳು ಅಂಗಳದ ಕಡೆ ಮುಖ ತಿರುಗಿಸಿದಳು. "ಮನ್ಯಾಗ ನಿಂಬಿಹಣ್ಣ ಇದ್ದೂ," ಎಂದಳು.

ಆ ಶ್ರಾವಣದಲ್ಲಿ ಅಕ್ಕ ಹೋದಳು. ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಎಂದಳಂತೆ. ಪಕ್ಕದ ಮನೆಯವರ ಗಾಡಿಯಲ್ಲಿ ಕೂಡಿಸಿಕೊಂಡು ಹೊರಟರೆ, ಹುಕ್ಕೇರಿ ಮುಟ್ಟುವ ಮೊದಲೇ ಮಾಮಾನ ಭುಜಕ್ಕೆ ತಲೆ ವಾಲಿತಂತೆ. ನಾನು ಆಗ ತರಗತಿಯಲ್ಲಿದ್ದೆ. ಮಣ್ಣು ಕೊಡುವ ಮುನ್ನ ಅವಳ ಬಲಗಾಲನ್ನು ಒಮ್ಮೆ ಮುಟ್ಟಿದೆ. ಎಲ್ಲಿಯೂ ಒಂದು ಗೀರಿರಲಿಲ್ಲ.

ಪ್ರಬಂಧದಲ್ಲಿ ನಾನು ಒಂದು ವಾಕ್ಯದ ಬದಲು ಒಂದು ಅಧ್ಯಾಯವನ್ನೇ ಬರೆದೆ. ಬಟ್ಟೆ ಯಾವಾಗ ಸತ್ತಿತು, ಹೇಗೆ ಸತ್ತಿತು, ಸತ್ತದ್ದು ಯಾರಿಗೂ ಏಕೆ ತಿಳಿಯಲಿಲ್ಲ, ಎಲ್ಲವನ್ನೂ. ಮಾರ್ಗದರ್ಶಕರು ಓದಿ ಹಾಗೆಯೇ ಇರಲಿ ಎಂದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಪುಟ ತೆರೆದು, "ಈ ಸ್ವಯಂಸೇವಕಿ ಈಗ ಹೇಗಿದ್ದಾರೆ?" ಎಂದು ಕೇಳಿದರು.

"ನನ್ನ ಅಕ್ಕ, ಸರ್. ತೀರಿಕೊಂಡರು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪುಟ ಮಗುಚಿ ಬೇರೆ ಅಧ್ಯಾಯದ ಪ್ರಶ್ನೆ ಕೇಳಿದರು.

ಕೆಲಸ ಬಿಡಬೇಕೆಂದುಕೊಂಡಿದ್ದೆ, ಬಿಡಲಿಲ್ಲ. ಸಣ್ಣ ಆಮ್ಲದ ಬದಲು ಉದ್ದನೆಯ ಸರಪಳಿಯಂಥ ಆಮ್ಲವನ್ನು ಹಾಕಿದೆ. ಅದು ಪಾಲಿಮರಿನ ಜೊತೆಗೇ ಹೆಣೆದುಕೊಂಡಿರುವುದರಿಂದ ಸುಲಭವಾಗಿ ತೊಳೆದುಹೋಗುವುದಿಲ್ಲ. ಬಟ್ಟೆ ಚೆನ್ನಾಗಿರುವವರೆಗೆ ಮಿಣುಕುತ್ತಿರುವ ಲೈಟನ್ನು ಮೂಡಲಗಿಯ ಕಾಕಾ ಹಾಕಿಕೊಟ್ಟರು. ಹಿಂದೆ ತಾವು ಕೇಳಿದ್ದ ಪ್ರಶ್ನೆಯ ಮಾತನ್ನು ಅವರು ಎತ್ತಲಿಲ್ಲ. ಡಬ್ಬಿ ಕೊಡುವಾಗ ನನ್ನ ಮುಖ ನೋಡದೆ, "ತೊಗೋರಿ ಮೇಡಮ್," ಎಂದರು.

ಹೊಸ ಬಟ್ಟೆಯನ್ನು ಪ್ರಯೋಗಾಲಯದ ತೊಟ್ಟಿಯಲ್ಲಿ ಬಟ್ಟೆ ಒಗೆಯುವ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ತೊಳೆದೆ. ಒಣಗಿಸಿ, ಮತ್ತೆ ತೊಳೆದೆ. ಎರಡು ವಾರ ಇದನ್ನೇ ಮಾಡಿದೆ. ಸ್ವಲ್ಪ ಮಾಸಿತೇ ಹೊರತು ಹಸಿರು ಹೋಗಲಿಲ್ಲ. ಮೀಟರಿನ ಮುಳ್ಳು ಎದ್ದು ನಿಂತಿತು. ಕೈ ಒರೆಸಿಕೊಂಡು ಘೋಡಗೇರಿಗೆ ಫೋನು ಹಚ್ಚಿದೆ. ಗಂಟೆ ಹೊಡೆಯತೊಡಗಿದ ಮೇಲೆಯೇ ನನಗೆ ನೆನಪಾದದ್ದು, ಅತ್ತ ಈಗ ಯಾರು ಎತ್ತುತ್ತಾರೆ ಎಂದು.

"ಯಾಕವಾ, ಎಲ್ಲಾ ಆರಾಮೈತಿಲ್ಲೊ?" ಎಂದರು ಮಾಮಾ.

"ಆರಾಮೈತ್ರಿ. ಸುಮ್ಮ ಮಾಡಿದ್ನಿ."

ಮಳೆಯ ಮಾತು ಆಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮಾತು ಆಯಿತು. ಇಡುವ ಮುಂಚೆ ಅವರು ಕೇಳಿದರು. "ರವಿವಾರ ಬರ್ತೀಯೇನು?"

"ಏನರ ಕೆಲಸ ಇತ್ತೇನ್ರಿ ಮಾಮಾ?"

"ಕೆಲಸ ಏನೂ ಇಲ್ಲ. ಮೊದಲ ಬರ್ತಿದ್ದ್ಯಲ್ಲ, ಅದಕ್ಕ ಕೇಳಿದ್ನಿ."

ಆ ಭಾನುವಾರ ಹೋದೆ. ಅವರು ಪಡಸಾಲೆಯಲ್ಲಿ ಚಾಪೆ ಹಾಸಿ, ತಾವೇ ಚಹಾ ಮಾಡಿ ತಂದರು. ಇಬ್ಬರೂ ಗೋಡೆಗೆ ಒರಗಿ ಕೂತೆವು. ಹೊಸ ಬಟ್ಟೆ ಸಬಕಾರಕ್ಕೂ ಸಾಯಲಿಲ್ಲ ಎಂದು ಹೇಳಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮಳೆಯ ಮಾತನ್ನೇ ಆಡಿದೆ. ಕುಡಿಯದೇ ಇಟ್ಟಿದ್ದ ಚಹಾ ತಣ್ಣಗಾಯಿತು. ಮಾಮಾ ಎರಡೂ ಲೋಟ ಎತ್ತಿಕೊಂಡು, ಮತ್ತೆ ಕಾಯಿಸಿ ತರಲು ಒಳಗೆ ಹೋದರು.